ಅಡ್ವಾನ್ಸ್ಡ್ ಕಾರ್ಪೊರೇಟ್ ಫೈನಾನ್ಸ್ ಓದೋದು ಹೇಗೆ? ದುಡ್ಡು ಯಾರ ಜೇಬಿಗೆ ಹೋಯ್ತು ಅಂತ ಕೇಳ್ತಾ ಹೋಗಿ

ಎಂ.ಕಾಂ ಇರಲಿ, ಎಂಬಿಎ ಇರಲಿ, ಹೊರದೇಶದ ಎಂಎಸ್‌ಸಿ ಫೈನಾನ್ಸ್ ಇರಲಿ, ಕಾರ್ಪೊರೇಟ್ ಫೈನಾನ್ಸ್‌ನ ಮೊದಲ ಪೇಪರ್ ಅಷ್ಟೇನೂ ಹೆದರಿಸುವುದಿಲ್ಲ. ಎನ್‌ಪಿವಿ (ಮುಂದೆ ಬರುವ ದುಡ್ಡಿನ ಇವತ್ತಿನ ಬೆಲೆಯಲ್ಲಿ ಹಾಕುವ ದುಡ್ಡು ಕಳೆದು ಉಳಿದದ್ದು), ಐಆರ್‌ಆರ್ (ಪ್ರಾಜೆಕ್ಟ್ ಕೊಡುವ ಆದಾಯದ ದರ), ಕ್ಯಾಪ್‌ಎಂ (ರಿಸ್ಕಿಗೆ ತಕ್ಕ ಆದಾಯದ ಲೆಕ್ಕ), ಬೀಟಾ (ಮಾರುಕಟ್ಟೆ ಜೊತೆ ಷೇರು ಎಷ್ಟು ಏರಿಳಿಯುತ್ತದೆಂಬ ಅಳತೆ). ಸೂತ್ರ ಗೊತ್ತಿದ್ದರೆ, ಕ್ಯಾಲ್ಕುಲೇಟರ್ ಕೈಲಿದ್ದರೆ ಪಾಸಾಗಬಹುದು. ಅಡ್ವಾನ್ಸ್ಡ್ ಪೇಪರ್ ಹಾಗಲ್ಲ. ಅಲ್ಲಿ 'ಲೆಕ್ಕ ಮಾಡಿ' ಅನ್ನುವ ಪ್ರಶ್ನೆ ಕಡಿಮೆಯಾಗಿ 'ಏಕೆ' ಅನ್ನುವ ಪ್ರಶ್ನೆ ಜಾಸ್ತಿಯಾಗುತ್ತದೆ. ಈ ಕಂಪನಿ ಏಕೆ ಸಾಲ ಮಾಡಿತು? ಆ ಕಂಪನಿ ಏಕೆ ಮಾಡಲಿಲ್ಲ? ಒಳ್ಳೆ ಪ್ರಾಜೆಕ್ಟ್ ಕಣ್ಣೆದುರಿಗಿದ್ದರೂ ಮಾಲೀಕರು ಏಕೆ ಕೈಬಿಟ್ಟರು?

ಮಾರ್ಕ್ಸ್ ಚೆನ್ನಾಗಿದ್ದವರೂ ಇಲ್ಲೇ ಎಡವುತ್ತಾರೆ. ಥಿಯರಿಗಳ ಹೆಸರು ಉರು ಹೊಡೆದಿರುತ್ತಾರೆ, ಆದರೆ ಒಂದಕ್ಕೊಂದು ಸಂಬಂಧ ತಿಳಿದಿರುವುದಿಲ್ಲ. ಇದಕ್ಕೆ ನಾನು ಹೇಳುವ ಮದ್ದು ಒಂದೇ. ಯಾವ ಥಿಯರಿ, ಯಾವ ಕೇಸ್ ಬಂದರೂ ಮೊದಲು ಕೇಳಿ: ಈ ನಿರ್ಧಾರದಿಂದ ದುಡ್ಡು ಯಾರ ಜೇಬಿನಿಂದ ಯಾರ ಜೇಬಿಗೆ ಹೋಯಿತು? ಕೆಳಗಿನ ಹಂತಗಳೆಲ್ಲ ಈ ಪ್ರಶ್ನೆಯ ಸುತ್ತವೇ ಇವೆ.

ಹಂತ 1: ಕ್ಲಾಸ್ ಶುರುವಾಗುವ ಮುಂಚೆ ಏನು ಸರಿಮಾಡಿಕೊಳ್ಳಬೇಕು

ಗಣಿತ ಅಂದರೆ ಬೆಚ್ಚಿಬೀಳಬೇಡಿ. ಬೇಕಾಗುವುದು ಮೂರೇ. ಸಂಭವನೀಯತೆಯ ಸರಾಸರಿ ಲೆಕ್ಕ, ಅಂದರೆ ಎಕ್ಸ್‌ಪೆಕ್ಟೆಡ್ ವ್ಯಾಲ್ಯೂ. ಒಂದಿಷ್ಟು ಕ್ಯಾಲ್ಕುಲಸ್. ರಿಗ್ರೆಷನ್ ಟೇಬಲ್ ಓದುವ ಅಭ್ಯಾಸ. ಗೇಮ್ ಥಿಯರಿಯ ಮೊದಲ ಎರಡು ಅಧ್ಯಾಯ ಓದಿದ್ದರೆ ಇನ್ನೂ ಒಳ್ಳೆಯದು.

ಗಣಿತಕ್ಕಿಂತ ಜಾಸ್ತಿ ಜನ ಕಷ್ಟಪಡುವುದು ಬ್ಯಾಲೆನ್ಸ್ ಶೀಟ್ ಓದಲು. ಎಂಜಿನಿಯರಿಂಗ್ ಮಾಡಿ ಫೈನಾನ್ಸ್‌ಗೆ ಬಂದವರಿಗಂತೂ ಇದೇ ದೊಡ್ಡ ತೊಡಕು. ಒಂದು ಕಂಪನಿಯ ವಾರ್ಷಿಕ ವರದಿ ಇಳಿಸಿಕೊಳ್ಳಿ. ಕಂಪನಿಯ ವೆಬ್‌ಸೈಟ್‌ನಲ್ಲೂ ಬಿಎಸ್‌ಇ, ಎನ್‌ಎಸ್‌ಇ ತಾಣಗಳಲ್ಲೂ ಪುಕ್ಕಟೆ ಸಿಗುತ್ತದೆ. ಇಡೀ ಸೆಮಿಸ್ಟರ್ ಅದೇ ಒಂದು ಕಂಪನಿಯನ್ನು ಹಿಡಿದುಕೊಳ್ಳಿ, ವಾರಕ್ಕೊಂದು ಬದಲಿಸಬೇಡಿ. ನಾನು ಇಲ್ಲಿ ಇನ್ಫೋಸಿಸ್ ತೆಗೆದುಕೊಳ್ಳುತ್ತೇನೆ. ಕನ್ನಡದವರಿಗೆ ಪರಿಚಯದ ಹೆಸರು, ಲೆಕ್ಕಪತ್ರವೂ ಸಲೀಸಾಗಿ ಓದಬಹುದು.

ಹಂತ 2: 1958ರಿಂದಲೇ ಶುರು ಮಾಡಿ

ಮೊಡಿಗ್ಲಿಯಾನಿ ಮತ್ತು ಮಿಲ್ಲರ್ 1958ರಲ್ಲಿ ಬರೆದ ಲೇಖನವನ್ನು 'ಹಳೇದು, ವಾಸ್ತವಕ್ಕೆ ದೂರ' ಎಂದು ಎಷ್ಟೋ ಜನ ಹಾರಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅವರು ಹೇಳಿದ್ದು ಇಷ್ಟು: ತೆರಿಗೆ ಇಲ್ಲ, ದಿವಾಳಿಯಾದರೆ ಖರ್ಚಿಲ್ಲ, ಎಲ್ಲರಿಗೂ ಒಂದೇ ಮಾಹಿತಿ ಇದೆ, ಮ್ಯಾನೇಜರ್ ಮಾಲೀಕರ ಹಿತಕ್ಕೇ ದುಡಿಯುತ್ತಾನೆ, ಸಾಲ ಎಷ್ಟಿದ್ದರೂ ಹೂಡಿಕೆಯ ನಿರ್ಧಾರ ಬದಲಾಗುವುದಿಲ್ಲ ಎಂದಾದರೆ, ಕಂಪನಿ ಸಾಲದಿಂದ ನಡೆಯಲಿ, ಷೇರಿನಿಂದ ನಡೆಯಲಿ, ಅದರ ಒಟ್ಟು ಬೆಲೆ ಒಂದೇ.

ಈ ಷರತ್ತುಗಳನ್ನು ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿ. ಕೋರ್ಸಿನ ಉಳಿದ ಲೇಖನಗಳಲ್ಲಿ ಹೆಚ್ಚಿನವು ಇವುಗಳಲ್ಲೊಂದನ್ನು ಮುರಿದು 'ಈಗ ಏನಾಗುತ್ತೆ ನೋಡಿ' ಅನ್ನುತ್ತವೆ. 1963ರಲ್ಲಿ ಅವರೇ ತೆರಿಗೆ ತಂದರು. 1976ರಲ್ಲಿ ಜೆನ್ಸೆನ್ ಮತ್ತು ಮೆಕ್ಲಿಂಗ್ ಮ್ಯಾನೇಜರನ ಸ್ವಾರ್ಥ ತಂದರು. 1977ರಲ್ಲಿ ಮೈಯರ್ಸ್, ಹಳೇ ಸಾಲ ಹೊಸ ಹೂಡಿಕೆಯನ್ನು ಹೇಗೆ ಕೆಡಿಸುತ್ತದೆಂದು ತೋರಿಸಿದರು. 1984ರಲ್ಲಿ ಮೈಯರ್ಸ್ ಮತ್ತು ಮಜ್ಲುಫ್, ಒಳಗಿನವರಿಗೆ ಗೊತ್ತಿರುವುದು ಹೊರಗಿನವರಿಗೆ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂದು ಕೇಳಿದರು.

ತೆರಿಗೆಯ ವಿಷಯ ಒಂದು ಸಣ್ಣ ಲೆಕ್ಕದಲ್ಲಿ ನೋಡಿಬಿಡೋಣ. ಎರಡು ಕಂಪನಿಗಳು, ಎರಡಕ್ಕೂ ಪ್ರತಿವರ್ಷ 100 ಕೋಟಿ ಲಾಭ, ತೆರಿಗೆ ಶೇ. 25. ಮೊದಲನೆಯದಕ್ಕೆ ಸಾಲವಿಲ್ಲ. ಸರ್ಕಾರಕ್ಕೆ 25, ಷೇರುದಾರರಿಗೆ 75. ಎರಡನೆಯದಕ್ಕೆ ಶೇ. 8ರ ಬಡ್ಡಿಯಲ್ಲಿ 400 ಕೋಟಿ ಸಾಲ. ಬಡ್ಡಿ 32 ಕೋಟಿ ಕಳೆದು 68 ಕೋಟಿಗೆ ತೆರಿಗೆ, ಅಂದರೆ 17. ಷೇರುದಾರರಿಗೆ 51, ಸಾಲ ಕೊಟ್ಟವರಿಗೆ 32, ಸೇರಿ 83. ಮೊದಲ ಕಂಪನಿಯಲ್ಲಿ ಹೂಡಿಕೆದಾರರ ಕೈಗೆ ಬಂದದ್ದು 75. ಈ ಹೆಚ್ಚಿನ 8 ಕೋಟಿ ಎಲ್ಲಿಂದ ಬಂತು? ಸರ್ಕಾರದ ಜೇಬಿನಿಂದ. ಶೇ. 8ರ ದರದಲ್ಲಿ ಶಾಶ್ವತವಾಗಿ ಬರುವ 8 ಕೋಟಿಯ ಇವತ್ತಿನ ಬೆಲೆ 100 ಕೋಟಿ. ಅದು 400 ಕೋಟಿ ಸಾಲದ ಶೇ. 25. ಪುಸ್ತಕದ ಸೂತ್ರ ಹೇಳುವುದೂ ಇದನ್ನೇ.

ಈಗ ವರದಿ ತೆಗೆದು ಇನ್ಫೋಸಿಸ್‌ಗೆ ಬ್ಯಾಂಕ್ ಸಾಲ ಎಷ್ಟಿದೆ ನೋಡಿ. ಹೇಳಿಕೊಳ್ಳುವಂಥದ್ದು ಕಾಣುವುದಿಲ್ಲ. ಇರುವ ಬಾಧ್ಯತೆ ಬಹುಪಾಲು ಲೀಸ್‌ನದು. 2019ರ ಏಪ್ರಿಲ್‌ನಿಂದ ಇಂಡ್ ಎಎಸ್ 116 ಎಂಬ ಲೆಕ್ಕಪತ್ರ ನಿಯಮ ಜಾರಿಯಾಗಿ, ಬಾಡಿಗೆ ಕಟ್ಟಡಗಳ ಹೊಣೆಯೂ ಬ್ಯಾಲೆನ್ಸ್ ಶೀಟ್ ಹತ್ತಿತು. ಸಾಲ ಮಾಡಿದರೆ ತೆರಿಗೆ ಉಳಿಯುತ್ತೆ ಅಂತಾದರೆ, ಇಷ್ಟು ಬುದ್ಧಿವಂತರ ಕಂಪನಿ ಯಾಕೆ ಸುಮ್ನೆ ಕೂತಿದೆ? ಪರೀಕ್ಷೆಗೆ ಇದಕ್ಕಿಂತ ಒಳ್ಳೆ ಪ್ರಶ್ನೆ ಬೇಕಾ? ಸಾಲದಿಂದ ಉಳಿಯುವ ತೆರಿಗೆಯನ್ನೂ ದಿವಾಳಿಯ ಖರ್ಚನ್ನೂ ತೂಗಿ ನೋಡುವ ಟ್ರೇಡ್‌-ಆಫ್ ಥಿಯರಿ ಪ್ರಕಾರ ಲಾಭ ಜಾಸ್ತಿ ಇರುವ ಕಂಪನಿ ಜಾಸ್ತಿ ಸಾಲ ಮಾಡಬೇಕು. ಪೆಕಿಂಗ್ ಆರ್ಡರ್ ಪ್ರಕಾರ ಲಾಭ ಇರುವವರು ಸ್ವಂತ ದುಡ್ಡಲ್ಲೇ ನಡೆಸುತ್ತಾರೆ, ಸಾಲಕ್ಕೆ ಹೋಗುವುದಿಲ್ಲ. ಎರಡು ಥಿಯರಿಗಳು ಎದುರುಬದುರಾಗಿ ನಿಲ್ಲುವ ಜಾಗ ಇದು. ಇನ್ನೊಂದು ಮಾತೂ ಇದೆ. ಐಟಿ ಕಂಪನಿಯ ಆಸ್ತಿ ಸಂಜೆ ಲಿಫ್ಟ್ ಇಳಿದು ಮನೆಗೆ ಹೋಗುತ್ತದೆ, ಅದನ್ನು ಬ್ಯಾಂಕಿಗೆ ಅಡವಿಡಲಾಗುವುದಿಲ್ಲ. ಸಿಮೆಂಟ್ ಕಾರ್ಖಾನೆಯನ್ನು ಅಡವಿಡಬಹುದು. ಪಕ್ಕದಲ್ಲಿ ಒಂದು ಸಿಮೆಂಟ್ ಅಥವಾ ವಿದ್ಯುತ್ ಕಂಪನಿಯ ವರದಿ ಇಟ್ಟುಕೊಂಡು ಹೋಲಿಸಿ ನೋಡಿ.

ಹಂತ 3: ಪ್ರತಿ ಥಿಯರಿಗೂ ಕೈಯಾರೆ ಒಂದು ಲೆಕ್ಕ ಕಟ್ಟಿ

ಇಡೀ ಲೇಖನದಲ್ಲಿ ಒಂದೇ ಒಂದು ಸಲಹೆ ಪಾಲಿಸುತ್ತೀರಿ ಅಂತಾದರೆ ಇದನ್ನು ಪಾಲಿಸಿ. ಮಾಡೆಲ್ ಓದಿದ ಮೇಲೆ ಪುಸ್ತಕ ಮುಚ್ಚಿ, ಎರಡೇ ಸ್ಥಿತಿ ಇಟ್ಟುಕೊಂಡು, ಒಳ್ಳೆ ಕಾಲ ಮತ್ತು ಕೆಟ್ಟ ಕಾಲ, ನೀವೇ ಒಂದು ಉದಾಹರಣೆ ಕಟ್ಟಬೇಕು. ಕಟ್ಟಲಾಗದಿದ್ದರೆ ಮಾಡೆಲ್ ಇನ್ನೂ ಅರ್ಥವಾಗಿಲ್ಲ ಅಂತಲೇ ಲೆಕ್ಕ.

ಮೈಯರ್ಸ್ ಅವರ ಡೆಟ್ ಓವರ್‌ಹ್ಯಾಂಗ್, ಅಂದರೆ ಹಳೇ ಸಾಲದ ಹೊರೆ ಹೊಸ ಹೂಡಿಕೆಗೆ ಅಡ್ಡ ಬರುವುದು, ಅದನ್ನು ತೆಗೆದುಕೊಳ್ಳೋಣ. ಒಂದು ಕಂಪನಿ ಮುಂದಿನ ವರ್ಷ 100 ಕೋಟಿ ಸಾಲ ತೀರಿಸಬೇಕು. ಒಳ್ಳೆ ಕಾಲ ಬಂದರೆ ಅದರ ಆಸ್ತಿಯ ಬೆಲೆ 150, ಕೆಟ್ಟ ಕಾಲ ಬಂದರೆ 60. ಎರಡಕ್ಕೂ ಸಮ ಸಾಧ್ಯತೆ. ಬಡ್ಡಿ ಲೆಕ್ಕ ಸದ್ಯಕ್ಕೆ ಬೇಡ. ಒಳ್ಳೆ ಕಾಲದಲ್ಲಿ ಷೇರುದಾರರಿಗೆ 50, ಕೆಟ್ಟ ಕಾಲದಲ್ಲಿ ಸೊನ್ನೆ. ಸರಾಸರಿ 25. ಸಾಲ ಕೊಟ್ಟವರಿಗೆ 100 ಅಥವಾ 60, ಸರಾಸರಿ 80.

ಈಗ ಒಂದು ಹೊಸ ಪ್ರಾಜೆಕ್ಟ್ ಬಂತು. ಇವತ್ತು 20 ಕೋಟಿ ಹಾಕಿದರೆ ಮುಂದಿನ ವರ್ಷ ಖಚಿತವಾಗಿ 30 ಕೋಟಿ. 10 ಕೋಟಿ ಲಾಭ, ಎನ್‌ಪಿವಿ ಪ್ಲಸ್, ಮಾಡಲೇಬೇಕು ಅಲ್ವಾ? ದುಡ್ಡು ಷೇರುದಾರರೇ ಹಾಕಬೇಕು ಅಂದುಕೊಳ್ಳಿ. ಒಳ್ಳೆ ಕಾಲದಲ್ಲಿ ಒಟ್ಟು 180. ಸಾಲ ತೀರಿಸಿ ಅವರಿಗೆ 80. ಕೆಟ್ಟ ಕಾಲದಲ್ಲಿ 90, ಅದು ಪೂರ್ತಿ ಸಾಲಕ್ಕೇ ಹೋಯಿತು. ಷೇರುದಾರರ ಸರಾಸರಿ 40. ಮೊದಲು 25 ಇತ್ತು, 15 ಏರಿತು. ಹಾಕಿದ್ದು 20. ಐದು ಕೋಟಿ ನಷ್ಟ! ಅತ್ತ ಸಾಲ ಕೊಟ್ಟವರ ಪಾಲು ನೋಡಿ. 80 ಇದ್ದದ್ದು 95 ಆಯಿತು. ಒಂದು ಪೈಸೆ ಹಾಕದೆ 15 ಕೋಟಿ ಅವರ ಜೇಬಿಗೆ. ಷೇರುದಾರರು ಪ್ರಾಜೆಕ್ಟ್ ಬೇಡ ಅನ್ನುತ್ತಾರೆ, 10 ಕೋಟಿ ಲಾಭ ಗಾಳಿಗೆ ಹೋಗುತ್ತದೆ. ಇಲ್ಲಿ ಯಾರೂ ದಡ್ಡರಲ್ಲ, ಯಾರೂ ಮೋಸ ಮಾಡಿಲ್ಲ. ಈ ಥಿಯರಿಯ ಸೊಗಸು ಇರುವುದೇ ಅಲ್ಲಿ.

ಕ್ಲಾಸ್ ನೋಟ್ಸ್ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ನೀವು ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಇದಕ್ಕೆ ಪರಿಹಾರ ಏನು? ಪ್ರಾಜೆಕ್ಟ್ ಮಾಡುವುದಾದರೆ ಸಾಲದ ಮೊತ್ತ 88ಕ್ಕೆ ಇಳಿಸುತ್ತೇವೆ ಎಂದು ಸಾಲ ಕೊಟ್ಟವರು ಒಪ್ಪಿದರು ಅನ್ನಿ. ಒಳ್ಳೆ ಕಾಲದಲ್ಲಿ ಷೇರುದಾರರಿಗೆ 92, ಕೆಟ್ಟ ಕಾಲದಲ್ಲಿ 2, ಸರಾಸರಿ 47. ಹಾಕಿದ 20 ಕಳೆದರೆ 27. ಸುಮ್ಮನಿದ್ದರೆ ಸಿಗುತ್ತಿದ್ದ 25ಕ್ಕಿಂತ ಜಾಸ್ತಿ. ಸಾಲ ಕೊಟ್ಟವರಿಗೆ ಎರಡೂ ಕಾಲದಲ್ಲಿ 88 ಖಚಿತ. ಹಿಂದಿನ 80ಕ್ಕಿಂತ ಜಾಸ್ತಿ. ಸಾಲ ಮನ್ನಾ ಮಾಡಿದವರೇ ಲಾಭ ಮಾಡಿಕೊಂಡರು.

ಹಾಗಾದರೆ ನಿಜ ಜೀವನದಲ್ಲಿ ಎಲ್ಲರೂ ಹೀಗೆ ಏಕೆ ಮಾಡುವುದಿಲ್ಲ? ಸಾಲ ಕೊಟ್ಟವರು ಒಬ್ಬರಾದರೆ ಮಾಡುತ್ತಾರೆ. ಹದಿನೈದು ಬ್ಯಾಂಕ್‌ಗಳಿದ್ದರೆ ಪ್ರತಿಯೊಬ್ಬರೂ 'ನೀವು ಬಿಡಿ, ನಾನು ಪೂರ್ತಿ ತಗೋತೀನಿ' ಎಂದು ಕಾಯುತ್ತಾರೆ. ಹೋಲ್ಡ್‌ಔಟ್ ಸಮಸ್ಯೆ ಅಂದರೆ ಇದು. 2016ರ ದಿವಾಳಿ ಸಂಹಿತೆ ಐಬಿಸಿಯನ್ನು ಈ ಕಣ್ಣಿನಿಂದ ಓದಿ ನೋಡಿ. ಸಾಲ ಕೊಟ್ಟವರ ಸಮಿತಿಯಲ್ಲಿ ಶೇ. 66 ಮತ ಬಿದ್ದು ನ್ಯಾಯಮಂಡಳಿ ಒಪ್ಪಿದರೆ ಯೋಜನೆ ಎಲ್ಲರಿಗೂ ಅನ್ವಯ. ಹಟ ಹಿಡಿದವರು ಕಾದು ಲಾಭ ಮಾಡಿಕೊಳ್ಳುವ ದಾರಿಯನ್ನು ಕಾನೂನು ಕಿರಿದು ಮಾಡಿದೆ. 2018ರಲ್ಲಿ ಈ ಮಿತಿಯನ್ನು ಶೇ. 75ರಿಂದ 66ಕ್ಕೆ ಇಳಿಸಿದ್ದೇಕೆ ಅನ್ನುವುದಕ್ಕೆ ಈಗ ನಿಮ್ಮ ಹತ್ತಿರವೇ ಉತ್ತರವಿದೆ.

ಇದೇ ಸಂಖ್ಯೆಗಳನ್ನು ಸ್ವಲ್ಪ ತಿರುಗಿಸಿದರೆ ರಿಸ್ಕ್ ಶಿಫ್ಟಿಂಗ್, ಅಂದರೆ ಷೇರುದಾರರು ಅಪಾಯವನ್ನು ಸಾಲ ಕೊಟ್ಟವರ ಮೇಲೆ ದಾಟಿಸುವುದು, ಬರುತ್ತದೆ. ಖಚಿತ 30ರ ಬದಲು ಒಳ್ಳೆ ಕಾಲದಲ್ಲಿ ಭಾರಿ ಲಾಭ, ಕೆಟ್ಟ ಕಾಲದಲ್ಲಿ ಸೊನ್ನೆ ಕೊಡುವ ಜೂಜಿನ ಪ್ರಾಜೆಕ್ಟ್ ಹಾಕಿ, ಎನ್‌ಪಿವಿ ಮೈನಸ್ ಆದರೂ ಷೇರುದಾರರು ಹೂಂ ಅನ್ನುವಂತೆ ಮಾಡಿ. ಇದನ್ನು ನಿಮಗೇ ಬಿಡುತ್ತೇನೆ. ಮಾಡಿದ ಮೇಲೆ ಮರ್ಟನ್ 1974ರಲ್ಲಿ ಷೇರನ್ನು ಕಾಲ್ ಆಪ್ಷನ್ (ನಿಗದಿತ ಬೆಲೆಗೆ ಕೊಳ್ಳುವ ಹಕ್ಕು, ಆದರೆ ಕೊಳ್ಳಲೇಬೇಕೆಂದಿಲ್ಲ) ಎಂದು ಏಕೆ ಕರೆದರು ಅನ್ನುವುದು ತಾನಾಗಿಯೇ ಹೊಳೆಯುತ್ತದೆ.

ಹಂತ 4: ಡಿವಿಡೆಂಡ್, ಬೈಬ್ಯಾಕ್ ಅಧ್ಯಾಯಕ್ಕೆ ತೆರಿಗೆ ಕಾನೂನು ಜೊತೆಗಿಟ್ಟುಕೊಳ್ಳಿ

ಅಮೆರಿಕದ ಪಠ್ಯಪುಸ್ತಕ ಓದಿ ಭಾರತದ ಕಂಪನಿಯ ಬಗ್ಗೆ ಬರೆಯಹೊರಟರೆ ಎಡವಟ್ಟಾಗುವುದು ಇಲ್ಲಿ. 'ಡಿವಿಡೆಂಡ್‌ಗಿಂತ ಬೈಬ್ಯಾಕ್‌ಗೆ ತೆರಿಗೆ ಕಡಿಮೆ' ಅನ್ನುವ ಸಾಲು ಅಲ್ಲಿಯದು. ಬೈಬ್ಯಾಕ್ ಅಂದರೆ ಕಂಪನಿ ತನ್ನದೇ ಷೇರನ್ನು ವಾಪಸ್ ಕೊಳ್ಳುವುದು. ನಮ್ಮಲ್ಲಿ ನಿಯಮ ಮತ್ತೆ ಮತ್ತೆ ಬದಲಾಗಿದೆ. 2019ರ ಜುಲೈನಲ್ಲಿ ಲಿಸ್ಟೆಡ್ ಕಂಪನಿಗಳ ಬೈಬ್ಯಾಕ್ ಮೇಲೆ ಕಂಪನಿಯೇ ಶೇ. 20 ಮತ್ತು ಸರ್‌ಚಾರ್ಜ್ ಕಟ್ಟಬೇಕೆಂದಾಯಿತು. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ವಿತರಣಾ ತೆರಿಗೆ ಹೋಗಿ, ಡಿವಿಡೆಂಡ್ ಪಡೆದವರೇ ತೆರಿಗೆ ಕಟ್ಟುವಂತಾಯಿತು. 2024ರ ಅಕ್ಟೋಬರ್ 1ರಿಂದ ಬೈಬ್ಯಾಕ್‌ನಲ್ಲಿ ಬಂದ ಪೂರ್ತಿ ಮೊತ್ತವನ್ನು ಡಿವಿಡೆಂಡ್ ಎಂದೇ ಪರಿಗಣಿಸಿದರು. ನೀವು ಬರೆಯುವ ಕೇಸ್ ಯಾವ ವರ್ಷದ್ದೋ ಆ ವರ್ಷದ ನಿಯಮವನ್ನೇ ಹಾಕಬೇಕು.

2025ರಲ್ಲಿ ಇನ್ಫೋಸಿಸ್ 18,000 ಕೋಟಿಯ ಬೈಬ್ಯಾಕ್ ಘೋಷಿಸಿತು, ಷೇರಿಗೆ 1,800 ರೂಪಾಯಿ. ಮಾರುಕಟ್ಟೆ ಬೆಲೆ 1,500 ಎಂದಿಟ್ಟುಕೊಳ್ಳಿ. ಮೇಲ್ನೋಟಕ್ಕೆ 300 ರೂಪಾಯಿ ಪುಕ್ಕಟೆ ಲಾಭ. ಆದರೆ ಶೇ. 30ರ ಸ್ಲ್ಯಾಬ್‌ನಲ್ಲಿರುವ, ಹಲವು ವರ್ಷದ ಹಿಂದೆ 1,400ಕ್ಕೆ ಕೊಂಡವರನ್ನು ತೆಗೆದುಕೊಳ್ಳಿ. ಸೆಸ್, ಸರ್‌ಚಾರ್ಜ್ ಬಿಟ್ಟರೂ 1,800ರ ಮೇಲೆ 540 ತೆರಿಗೆ, ಕೈಗೆ 1,260. ಆ ವರ್ಷದ ನಿಯಮದಂತೆ ಕೊಂಡ ಬೆಲೆ 1,400 ದೀರ್ಘಾವಧಿ ಬಂಡವಾಳ ನಷ್ಟ ಎಂದಾಗುತ್ತಿತ್ತು. ಬೇರೆ ಲಾಭದಿಂದ ಅದನ್ನು ಕಳೆದರೆ ಶೇ. 12.5ರಂತೆ 175 ಉಳಿತಾಯ. ಒಟ್ಟು 1,435. ಅದೇ ಷೇರನ್ನು ಮಾರುಕಟ್ಟೆಯಲ್ಲಿ ಮಾರಿದ್ದರೆ 100 ರೂಪಾಯಿ ಲಾಭಕ್ಕೆ 12.50 ತೆರಿಗೆ ಹೋಗಿ 1,487.50. ಹೆಚ್ಚು ಬೆಲೆ ಕೊಡುತ್ತೇವೆ ಅಂದ ಕಡೆ ಕಡಿಮೆ ಸಿಕ್ಕಿತು! ತೆರಿಗೆ ಕಟ್ಟುವಷ್ಟು ಆದಾಯವಿಲ್ಲದ ನಿವೃತ್ತರಿಗೆ ಮಾತ್ರ ಲೆಕ್ಕ ಉಲ್ಟಾ. ಪ್ರವರ್ತಕರು ಆ ಬೈಬ್ಯಾಕ್‌ನಲ್ಲಿ ಭಾಗವಹಿಸುವುದಿಲ್ಲ ಎಂದು ಮೊದಲೇ ತಿಳಿಸಿದ್ದರು. ಒಳಗಿನವರ ನಡೆಯಿಂದ ಅವರಿಗೆ ಗೊತ್ತಿರುವುದನ್ನು ಊಹಿಸಬಹುದು ಅನ್ನುವ ಸಿಗ್ನಲಿಂಗ್ ಥಿಯರಿ ಓದಿದ ಹುಮ್ಮಸ್ಸಿನಲ್ಲಿ 'ಒಳಗಿನವರು ಮಾರುತ್ತಿಲ್ಲ, ಅಂದರೆ ಷೇರು ಅಗ್ಗ' ಎಂದು ಬರೆಯುವ ಮುನ್ನ ಈ ತೆರಿಗೆ ಲೆಕ್ಕ ಒಮ್ಮೆ ಹಾಕಿ ನೋಡಿ. ಒಬ್ಬೊಬ್ಬರ ತೆರಿಗೆಗೆ ತಕ್ಕಂತೆ ಹೂಡಿಕೆದಾರರ ಆಯ್ಕೆ ಬದಲಾಗುತ್ತದೆ ಅನ್ನುವ ಕ್ಲಯೆಂಟೆಲ್ ಥಿಯರಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಹುಡುಕುವ ಅಗತ್ಯವಿಲ್ಲ.

ಹಂತ 5: ವ್ಯಾಲ್ಯುಯೇಷನ್

ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಇದರ ವಿಡಿಯೊಗಳು ಬೇಕಾದಷ್ಟಿವೆ. ಮೂರು ಕಡೆ ಮಾತ್ರ ಎಚ್ಚರ ಇರಲಿ. ರೂಪಾಯಿಯ ಕ್ಯಾಶ್ ಫ್ಲೋಗೆ ಡಾಲರ್ ಬಾಂಡ್‌ನ ದರ ಹಾಕಬೇಡಿ. ವ್ಯಾಕ್ (ಸಾಲ, ಷೇರು ಎರಡನ್ನೂ ಸೇರಿಸಿದ ಬಂಡವಾಳದ ಸರಾಸರಿ ವೆಚ್ಚ) ಲೆಕ್ಕದಲ್ಲಿ ಸಾಲ ಮತ್ತು ಷೇರಿನ ತೂಕ ಮಾರುಕಟ್ಟೆ ಬೆಲೆಯಲ್ಲಿರಲಿ, ಲೆಕ್ಕಪತ್ರದಲ್ಲಿ ಬರೆದ ಬೆಲೆಯಲ್ಲಿ ಬೇಡ. ಸಾಲದ ಪ್ರಮಾಣ ವರ್ಷ ವರ್ಷ ಬದಲಾಗುವ ಕಂಪನಿಗೆ ಒಂದೇ ವ್ಯಾಕ್ ಹಿಡಿದು ಕೂರಬೇಡಿ, ಅಲ್ಲಿ ಎಪಿವಿ ವಿಧಾನ (ಸಾಲವಿಲ್ಲದ ಕಂಪನಿಯ ಬೆಲೆ ಕಟ್ಟಿ, ಸಾಲದ ತೆರಿಗೆ ಉಳಿತಾಯವನ್ನು ಬೇರೆಯಾಗಿ ಕೂಡುವುದು) ಸಲೀಸು. ನ್ಯೂಯಾರ್ಕ್ ಯೂನಿವರ್ಸಿಟಿಯ ಅಶ್ವತ್ಥ್ ದಾಮೋದರನ್ ದೇಶವಾರು ರಿಸ್ಕ್ ಪ್ರೀಮಿಯಂ, ಉದ್ಯಮವಾರು ಬೀಟಾಗಳನ್ನು ತಮ್ಮ ತಾಣದಲ್ಲಿ ಪುಕ್ಕಟೆ ಹಾಕುತ್ತಾರೆ. ಬಳಸಿ, ಆದರೆ ಆ ಸಂಖ್ಯೆ ಹೇಗೆ ಬಂತೆಂದು ಕೇಳಿದರೆ ಹೇಳಲು ಬರಬೇಕು.

ಹಂತ 6: ಟೇಕ್‌ಓವರ್ ಅಧ್ಯಾಯಕ್ಕೆ ಮೈಂಡ್‌ಟ್ರೀ

ವಿದೇಶದ ಕೇಸ್‌ಗಳನ್ನು ಓದಲೇಬೇಕು, ಸರಿ. ಆದರೆ ಬೆಂಗಳೂರಿನಲ್ಲೇ ಒಂದು ಮಜಬೂತಾದ ಕೇಸ್ ನಡೆದಿದೆ. 2019ರ ಮಾರ್ಚ್‌ನಲ್ಲಿ ಎಲ್ ಅಂಡ್ ಟಿ, ಕೆಫೆ ಕಾಫಿ ಡೇಯ ವಿ.ಜಿ. ಸಿದ್ಧಾರ್ಥ ಅವರ ಕಡೆಯಿಂದ ಐಟಿ ಕಂಪನಿ ಮೈಂಡ್‌ಟ್ರೀಯ ಶೇ. 20.32 ಷೇರನ್ನು 980 ರೂಪಾಯಿಯಂತೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಜೊತೆಗೆ ಮಾರುಕಟ್ಟೆಯಲ್ಲಿ ಶೇ. 15ರವರೆಗೆ ಖರೀದಿ, ಮತ್ತೆ ಶೇ. 31ಕ್ಕೆ ಓಪನ್ ಆಫರ್, ಅಂದರೆ 'ನಿಮ್ಮ ಷೇರು ಕೊಳ್ಳುತ್ತೇವೆ' ಎಂದು ಉಳಿದ ಷೇರುದಾರರಿಗೆ ಬಹಿರಂಗ ಆಹ್ವಾನ. ಸ್ಥಾಪಕರು ಬಹಿರಂಗವಾಗಿ ವಿರೋಧಿಸಿದರು. ಅವರ ಕೈಲಿದ್ದದ್ದು ಸುಮಾರು ಶೇ. 13 ಮಾತ್ರ. ರಕ್ಷಣೆಗಾಗಿ ಬೈಬ್ಯಾಕ್ ಮಾಡುವ ಯೋಚನೆ ಮಂಡಳಿಯ ಮುಂದೆ ಬಂತು, ಅದೇ ತಿಂಗಳು ಕೈಬಿಟ್ಟರು. ಆ ವರ್ಷದ ಮಧ್ಯಭಾಗದ ಹೊತ್ತಿಗೆ ನಿಯಂತ್ರಣ ಎಲ್ ಅಂಡ್ ಟಿ ಕೈ ಸೇರಿತು.

ಇದರ ಮೇಲೆ ಕ್ಲಾಸಿನ ಥಿಯರಿಗಳನ್ನು ಒಂದೊಂದಾಗಿ ಇಟ್ಟು ನೋಡಿ. ಗ್ರಾಸ್‌ಮನ್ ಮತ್ತು ಹಾರ್ಟ್ 1980ರಲ್ಲಿ ಹೇಳಿದ್ದು: ಸಣ್ಣ ಷೇರುದಾರ 'ಟೇಕ್‌ಓವರ್ ಆದ ಮೇಲೆ ಬೆಲೆ ಇನ್ನೂ ಏರುತ್ತೆ, ನಾನ್ಯಾಕೆ ಈಗ ಕೊಡಲಿ' ಎಂದು ಕೂತರೆ ಒಳ್ಳೆ ಟೇಕ್‌ಓವರ್ ಕೂಡ ಮುರಿದುಬೀಳುತ್ತದೆ. ಹಾಗಿರುವಾಗ ಒಬ್ಬರ ಬಳಿಯೇ ಶೇ. 20 ಸಿಕ್ಕಿದ್ದು ಎಷ್ಟು ದೊಡ್ಡ ಅನುಕೂಲ? ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ 2011ರ ಟೇಕ್‌ಓವರ್ ನಿಯಮದಂತೆ ಶೇ. 25 ಮುಟ್ಟಿದರೆ ಕನಿಷ್ಠ ಶೇ. 26ಕ್ಕೆ ಓಪನ್ ಆಫರ್ ಕೊಡಲೇಬೇಕು. ಈ ನಿಯಮ ಯಾರ ಜೇಬು ಕಾಯುತ್ತದೆ?

ಇನ್ನೊಂದು ಎಳೆ ನನಗೆ ಬಹಳ ಇಷ್ಟ. ಎಲ್ ಅಂಡ್ ಟಿ 2018ರಲ್ಲಿ ತನ್ನದೇ ಷೇರುದಾರರಿಗೆ 9,000 ಕೋಟಿ ಬೈಬ್ಯಾಕ್ ಮೂಲಕ ವಾಪಸ್ ಕೊಡಲು ಹೊರಟಿತ್ತು. ಫೈನಾನ್ಸ್ ಅಂಗಸಂಸ್ಥೆಯನ್ನೂ ಸೇರಿಸಿ ಲೆಕ್ಕ ಹಾಕಿದರೆ ಸಾಲ-ಈಕ್ವಿಟಿ ಅನುಪಾತ 2:1 ದಾಟುತ್ತದೆ ಎಂದು 2019ರ ಜನವರಿಯಲ್ಲಿ ಸೆಬಿ ಒಪ್ಪಲಿಲ್ಲ. ಎರಡು ತಿಂಗಳ ನಂತರ ಮೈಂಡ್‌ಟ್ರೀ ಬೇಟೆ. ಕೈಲಿ ಹೆಚ್ಚುವರಿ ದುಡ್ಡಿದ್ದರೆ ಮ್ಯಾನೇಜರ್‌ಗಳು ಅದನ್ನು ಲಾಭವಿಲ್ಲದ ಕಡೆ ಸುರಿಯುತ್ತಾರೆ ಎಂದು 1986ರಲ್ಲಿ ಜೆನ್ಸೆನ್ ಹೇಳಿದ ಫ್ರೀ ಕ್ಯಾಶ್ ಫ್ಲೋ ವಾದ ಇಲ್ಲಿಗೆ ಹೊಂದುತ್ತದೆಯೇ? ಕೈಲಿ ದುಡ್ಡು ಉಳಿಯಿತು, ಅದಕ್ಕೇ ಕಂಪನಿ ಕೊಂಡರು ಅನ್ನಬಹುದೇ? ನನಗನಿಸುವುದು, ಅಷ್ಟು ಸರಳವಲ್ಲ. ಅವರಿಗೆ ಮೊದಲೇ ಐಟಿ ವ್ಯವಹಾರವಿತ್ತು, ಮೈಂಡ್‌ಟ್ರೀ ಅದರ ಜೊತೆ ಸೇರುವಂಥದ್ದಾಗಿತ್ತು. 2022ರಲ್ಲಿ ಎರಡೂ ಒಂದಾಗಿ ಎಲ್‌ಟಿಐಮೈಂಡ್‌ಟ್ರೀ ಆಯಿತು. ಆದರೆ ನೀವು ಎರಡೂ ಕಡೆ ವಾದಿಸಲು ಕಲಿಯಬೇಕು. ಮೂಲ ಪ್ರಕಟಣೆಗಳನ್ನು ಸೆಬಿ ಮತ್ತು ಬಿಎಸ್‌ಇ ತಾಣದಿಂದಲೇ ಓದಿ, ಪತ್ರಿಕಾ ಸುದ್ದಿ ಆಮೇಲೆ. ಘೋಷಣೆಯ ಆಸುಪಾಸಿನ ದಿನಗಳಲ್ಲಿ ಎರಡೂ ಕಂಪನಿಗಳ ಷೇರು ನಿಫ್ಟಿಗೆ ಹೋಲಿಸಿದರೆ ಎಷ್ಟು ಏರಿತು, ಇಳಿಯಿತು ಎಂದು ಎಕ್ಸೆಲ್‌ನಲ್ಲಿ ಹಾಕಿ. ಈವೆಂಟ್ ಸ್ಟಡಿ ಕಲಿಯಲು ಅಷ್ಟು ಸಾಕು.

ಹಂತ 7: ಲೇಖನ ಓದುವ ಕ್ರಮ, ಪರೀಕ್ಷೆ

ಮೂಲ ಲೇಖನಗಳನ್ನು ಮೊದಲ ಪುಟದಿಂದ ಕೊನೆ ಪುಟದವರೆಗೆ ಓದಲು ಹೋದರೆ ಎರಡನೇ ವಾರಕ್ಕೇ ಸುಸ್ತು. ಮುನ್ನುಡಿ ಓದಿ, ಮೇಲೆ ಹೇಳಿದಂತೆ ಸ್ವಂತ ಲೆಕ್ಕ ಕಟ್ಟಿ, ಆಮೇಲೆ ಪ್ರೂಫ್‌ಗೆ ಕೈ ಹಾಕಿ. ಡೇಟಾ ಆಧಾರಿತ ಲೇಖನವಾದರೆ ಮುನ್ನುಡಿ ಆದ ಕೂಡಲೇ ಮುಖ್ಯ ಟೇಬಲ್‌ಗೆ ಹೋಗಿ. ಅಲ್ಲಿ ಒಂದೇ ಪ್ರಶ್ನೆ: ಇದು ಕಾರಣವೋ, ಬರೀ ಜೊತೆಜೊತೆಗೆ ನಡೆದದ್ದೋ? ಸಾಲ ಕಡಿಮೆ ಇರುವ ಕಂಪನಿ ಚೆನ್ನಾಗಿ ನಡೆಯುತ್ತದೋ, ಚೆನ್ನಾಗಿ ನಡೆಯುವುದಕ್ಕೇ ಸಾಲ ಕಡಿಮೆಯೋ?

ಒಂದೊಂದು ಲೇಖನಕ್ಕೆ ಒಂದೇ ಪುಟದ ಟಿಪ್ಪಣಿ ಸಾಕು. 1958ರ ಯಾವ ಷರತ್ತು ಮುರಿಯಿತು, ಯಾರಿಗೆ ಏನು ಗೊತ್ತು, ದುಡ್ಡು ಎಲ್ಲಿಂದ ಎಲ್ಲಿಗೆ ಹೋಯಿತು, ಯಾವ ಕಂಪನಿಯಲ್ಲಿ ಇದು ಕಾಣುತ್ತದೆ. ಮಾರ್ಕ್ಸ್ ಸಿಗುವುದು ಥಿಯರಿಯ ಹೆಸರು ಬರೆದದ್ದಕ್ಕಲ್ಲ, ಅದು ಎಲ್ಲಿ ಸೋಲುತ್ತದೆಂದು ಹೇಳಿದ್ದಕ್ಕೆ. ಇಬ್ಬರು ಗೆಳೆಯರು ಸೇರಿ ಓದಿ, ಪುಸ್ತಕ ಮುಚ್ಚಿ ಒಬ್ಬರಿಗೊಬ್ಬರು ಕನ್ನಡದಲ್ಲೇ ವಿವರಿಸಿ. ಇಂಗ್ಲಿಷ್ ವಾಕ್ಯ ಬಾಯಿಪಾಠ ಮಾಡಿದ್ದರೆ ಅಲ್ಲೇ ಬಣ್ಣ ಬಯಲಾಗುತ್ತದೆ.

ಹಂತ 8: ಡಿಸರ್ಟೇಷನ್

'ಭಾರತೀಯ ಕಂಪನಿಗಳ ಕ್ಯಾಪಿಟಲ್ ಸ್ಟ್ರಕ್ಚರ್' (ಸಾಲ ಎಷ್ಟು, ಷೇರು ಎಷ್ಟು ಅನ್ನುವುದು) ಅಂತ ವಿಷಯ ಇಟ್ಟುಕೊಂಡು ಹೋದರೆ ಗೈಡ್ ನಿಟ್ಟುಸಿರು ಬಿಡುತ್ತಾರೆ. ಒಂದು ಕಾನೂನು ಬದಲಾದ ದಿನ ಹುಡುಕಿ. 2019ರ ಸೆಪ್ಟೆಂಬರ್ 20ರಂದು ಕೇಂದ್ರ ಸರ್ಕಾರ ಕಾರ್ಪೊರೇಟ್ ತೆರಿಗೆ ಕಡಿತ ಘೋಷಿಸಿತು. ವಿನಾಯಿತಿಗಳನ್ನು ಬಿಟ್ಟುಕೊಡಲು ಒಪ್ಪಿದ ಕಂಪನಿಗೆ ದರ ಶೇ. 22, ಸೆಸ್ ಸರ್‌ಚಾರ್ಜ್ ಸೇರಿ 25.17. ಹಂತ 2ರ ಲೆಕ್ಕ ಮತ್ತೆ ನೋಡಿ. ದರ ಇಳಿದರೆ ಬಡ್ಡಿಯಿಂದ ಉಳಿಯುವ ತೆರಿಗೆಯೂ ಇಳಿಯುತ್ತದೆ. ಹಾಗಾದರೆ ಕಂಪನಿಗಳು ಸಾಲ ಕಡಿಮೆ ಮಾಡಿದವೇ? ಚಿಕ್ಕದಾದ, ಉತ್ತರ ಸಿಗಬಹುದಾದ ಪ್ರಶ್ನೆ. ಒಂದು ತಲೆನೋವು ಮಾತ್ರ ಇದೆ. ಆರು ತಿಂಗಳಲ್ಲಿ ಕೋವಿಡ್ ಬಂತು, ಎಲ್ಲರ ಸಾಲದ ಲೆಕ್ಕವೂ ಏರುಪೇರಾಯಿತು. ಹೊಸ ದರಕ್ಕೆ ಹೋದವರನ್ನೂ ಹೋಗದವರನ್ನೂ ಹೋಲಿಸಬಹುದು, ಆದರೆ ಆಯ್ಕೆ ಮಾಡಿದ್ದು ಕಂಪನಿಗಳೇ ಆದ್ದರಿಂದ ಆ ಹೋಲಿಕೆಯೂ ಪೂರ್ತಿ ಶುದ್ಧವಲ್ಲ. ಇದನ್ನು ಮುಚ್ಚಿಡದೆ ಮೊದಲ ಅಧ್ಯಾಯದಲ್ಲೇ ಬರೆಯಿರಿ. ವೈವಾದಲ್ಲಿ ಮೊದಲ ಪ್ರಶ್ನೆ ಇದೇ ಬರುವುದು.

ವಿಷಯ ಗಟ್ಟಿ ಮಾಡುವ ಮುಂಚೆ ನಿಮ್ಮ ಲೈಬ್ರರಿಯಲ್ಲಿ ಭಾರತೀಯ ಕಂಪನಿಗಳ ಲೆಕ್ಕಪತ್ರ ಒಂದೆಡೆ ಸಿಗುವ ಸಿಎಂಐಇಯ ಪ್ರೊವೆಸ್ ಡೇಟಾಬೇಸ್ ಇದೆಯೇ ಕೇಳಿ. ಇಲ್ಲದಿದ್ದರೆ ಮೂವತ್ತು ನಲವತ್ತು ಕಂಪನಿಗಳ ವಾರ್ಷಿಕ ವರದಿಯಿಂದ ಕೈಯಲ್ಲೇ ತುಂಬುವಷ್ಟು ಸಣ್ಣ ವಿಷಯ ಆರಿಸಿ. ಇದ್ದರೆ ಬೇಕಾದ ವರ್ಷಗಳ ಡೇಟಾವನ್ನು ಮೊದಲ ತಿಂಗಳಲ್ಲೇ ಇಳಿಸಿಕೊಂಡು, ಯಾವ ಕಾಲಂ ಯಾವ ದಿನ ಎಲ್ಲಿಂದ ತೆಗೆದದ್ದು ಎಂದು ಪಕ್ಕದಲ್ಲೇ ಗುರುತು ಹಾಕಿಡಿ. ಕೊನೇ ವಾರದಲ್ಲಿ ಲೈಬ್ರರಿಯ ಒಂದೇ ಕಂಪ್ಯೂಟರ್‌ಗೆ ಇಡೀ ಬ್ಯಾಚ್ ಕ್ಯೂ ನಿಂತಿರುತ್ತದೆ.